ಉತ್ತರ ಹೇಳೋಕೆ ಒಬ್ಬರು ಬೇಕು

ಬಿಷಪ್ ಕಾರ್ಯಾಲಯ
ಫೆಬ್ರವರಿ ೬

ಮಾನ್ಯ ಫಾದರ್ ಅವರಿಗೆ,

ಗುರುಮಠದಲ್ಲಿ ದೈವಶಾಸ್ತ್ರದ ಪ್ರಾಧ್ಯಾಪಕರಾದ ತಾವು ಪ್ರಕಟಿಸಿರುವ ಪುಸ್ತಕದ ಮೂರನೇ ಅಧ್ಯಾಯವು ಧರ್ಮಸಭೆಯ ಬೋಧನೆಗೆ ವಿರುದ್ಧವಾಗಿದೆ ಎಂದು ಮೇಲಿನ ಕಚೇರಿಯು ತೀರ್ಮಾನಿಸಿದೆ. ಆದ್ದರಿಂದ ಇನ್ನು ಮುಂದೆ ತಾವು ಪಾಠ ಹೇಳುವಂತಿಲ್ಲ, ಬರೆದದ್ದನ್ನು ಅಚ್ಚು ಹಾಕಿಸುವಂತಿಲ್ಲ, ಜನರ ಮುಂದೆ ಬಲಿಪೂಜೆ ಅರ್ಪಿಸುವಂತಿಲ್ಲ, ಪಾಪನಿವೇದನೆ ಕೇಳುವಂತಿಲ್ಲ. ಆ ಅಧ್ಯಾಯವನ್ನು ಹಿಂತೆಗೆದುಕೊಂಡಿರುವುದಾಗಿ ಲಗತ್ತಿಸಿರುವ ಹೇಳಿಕೆಗೆ ಆಗಸ್ಟ್ ಕೊನೆಯೊಳಗೆ ಸಹಿ ಮಾಡಿ ಕಳಿಸಿದಲ್ಲಿ ಈ ನಿರ್ಬಂಧಗಳನ್ನು ತೆಗೆಯಲಾಗುವುದು. ಇಲ್ಲವಾದಲ್ಲಿ ಇವು ಕಾಯಂ ಆಗುತ್ತವೆ.

ಪ್ರಭುವಿನಲ್ಲಿ ತಮ್ಮ,
ಬಿಷಪ್

*(ಕೆಳಗೆ, ನೀಲಿ ಶಾಯಿಯಲ್ಲಿ, ಕೈಬರಹ)*

ಕೊಕ್ಕೆ, ಮೇಲಿನದು ಕಚೇರಿಯದು, ಸೆಕ್ರೆಟರಿ ಟೈಪ್ ಮಾಡಿದ್ದು. ಇದು ನಂದು. ಒಂದು ಸಹಿ ಕಣೋ. ಹಾಕಿ ಬಿಸಾಕು. ಊಟ ಹೊತ್ತಿಗೆ ಸರಿಯಾಗಿ ಮಾಡು.
ಗಂಟೆ

&nbsp;

ಫೆಬ್ರವರಿ ೧೯

ಗಂಟೆಗೆ,

ನಿನ್ನ ಕಾಗದ ಬಂದಾಗ ತರಗತೀಲಿದ್ದೆ. ಪ್ಯೂನು ಕವರ್ ಹಿಡ್ಕೊಂಡು ಬಾಗಿಲಲ್ಲೇ ನಿಂತ. ಒಳಗೆ ಬಾರಪ್ಪ ಅಂದ್ರೆ ಬರಲಿಲ್ಲ. ಆಗಲೇ ಗೊತ್ತಾಯ್ತು. ಓದಿ ಮಡಚಿ ಜೇಬಲ್ಲಿಟ್ಟು, ಅರ್ಧಕ್ಕೆ ನಿಂತಿದ್ದ ಪಾಠ ಮುಗಿಸಿದೆ. 'ಇನ್ನು ಮುಂದೆ' ಅಂತ ತಾನೇ ಬರೆದಿದ್ದೆ? ಆ ಪಾಠ ಹಿಂದಿನದು.

ನೋಡು, ಶುರುವಾಯ್ತು ನನ್ನ ಕೊಕ್ಕೆ. ಗುರುಮಠದಲ್ಲಿ ಒಟ್ಟಿಗೆ ಓದೋವಾಗ ನಮಗೆ ಈ ಹೆಸರಿಟ್ಟೋರು ಯಾರು ಅಂತ ಮರೆತೇ ಹೋಗಿದೆ ನನಗೆ. ಎಲ್ಲದಕ್ಕೂ ಕೊಕ್ಕೆ ಹಾಕ್ತೀನಿ ಅಂತ ನಾನು ಕೊಕ್ಕೆ, ಬೆಳಿಗ್ಗೆ ಎದ್ದು ಗಂಟೆ ಹೊಡೆಯೋ ಕೆಲಸ ನಿಂದು ಅಂತ ನೀನು ಗಂಟೆ. ಈಗ ಅವೆರಡು ಹೆಸರು ಬಳಸೋಕೆ ಉಳಿದಿರೋದೇ ನಾವಿಬ್ರು.

ಗುರುಮಠ ಬಿಟ್ಟು ಬಂದೆ, ಈಗ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ರೂಮಲ್ಲಿದೀನಿ. ಕೆಳಗೆ ಮಷೀನು ಓಡಿದಾಗ ಮೇಜು ನಡುಗುತ್ತೆ, ಟೀ ಲೋಟ ತಾನಾಗೇ ನಡ್ಕೊಂಡು ಮೇಜಿನ ಅಂಚಿಗೆ ಬರುತ್ತೆ. ಕೆಲಸಾನೂ ಅಲ್ಲೇ. ಪ್ರೂಫ್ ನೋಡೋದು. ಹೆಚ್ಚಾಗಿ ಮದುವೆ ಕಾಗದ. ಮಾಲೀಕರಿಗೆ ನಾನು ಯಾರು ಅಂತ ಗೊತ್ತಿಲ್ಲ. 'ಇಷ್ಟು ಜನರ ಮದುವೆ ತಿದ್ದಿದೀರಿ, ನಿಮ್ಮದೊಂದು ಆಗಲಿಲ್ವಾ ಸಾರ್' ಅಂದ್ರು. ಆಗಲಿಲ್ಲ ಅಂದೆ. ಪಾಪ, ಕೆಳಗಿಂದ ಟೀ ಕಳಿಸಿದ್ರು.

ಸಹಿ ವಿಷಯ. ಅಕ್ಕನ ಕಥೆ ನಿನಗೆ ಗೊತ್ತಿಲ್ಲದ್ದಲ್ಲ. ರಜೆಗೆ ಬಂದಾಗ ನಮ್ಮಿಬ್ರಿಗೂ ಬಡಿಸಿದ ಕೈ ಅದು. ಮೊದಲನೇ ಗಂಡ ಬಿಟ್ಟು ಹೋದ. ಆ ಮದುವೆ ರದ್ದು ಮಾಡೋಕೆ ಧರ್ಮಸಭೆ ಒಪ್ಪಲಿಲ್ಲ. ನಮ್ಮ ಬಸ್ ಡ್ರೈವರ್ ಭಾವನ್ನ ಅವಳು ರಿಜಿಸ್ಟ್ರಾರ್ ಆಫೀಸಲ್ಲಿ ಮದುವೆಯಾದ್ಲು. ಧರ್ಮಸಭೆ ಲೆಕ್ಕದಲ್ಲಿ ಮೊದಲನೇದೇ ಇನ್ನೂ ಮದುವೆ, ಅವತ್ತಿಂದ ಅವಳಿಗೆ ಪೂಜೇಲಿ ಪರಮಪ್ರಸಾದ ಇಲ್ಲ. ಆದ್ರೂ ಒಂದು ಭಾನುವಾರ ತಪ್ಪಿಸಲ್ಲ. ಕೊನೇ ಬೆಂಚಲ್ಲಿ ಕೂರ್ತಾಳೆ. ಎಲ್ಲರೂ ಪ್ರಸಾದಕ್ಕೆ ಸಾಲು ಹಿಡಿದಾಗ, ಬೆಂಚಿನ ಒಳಗಿರೋರು ಆಚೆ ಬರೋಕೆ ಅವಳು ಮೊಣಕಾಲು ಒಂದು ಕಡೆ ಸರಿಸಿ ದಾರಿ ಬಿಡ್ತಾಳೆ. ಪೂಜೆ ಮಾಡ್ತಾ ಮಾಡ್ತಾ ನಾನು ನೋಡಿದ್ದು ಅದನ್ನೇ ಕಣೋ. ದೇವರಾಣೆ, ನನ್ನ ಮೂರನೇ ಅಧ್ಯಾಯ ಹುಟ್ಟಿದ್ದು ಆ ಮೊಣಕಾಲಿಂದ.

ನಾನು ಬರೆದಿದ್ದಾದ್ರೂ ಏನು? ಇಂಥವರು ಸಾಯೋಕೆ ಮಲಗಿದಾಗ ನಾವೇ ಎದ್ದು ಬಿದ್ದು ಓಡಿ ಹೋಗಿ ಪರಮಪ್ರಸಾದ ಕೊಡ್ತೀವಿ. ಸಾಯೋವಾಗ ಕೊಡೋದನ್ನ ಬದುಕಿರುವಾಗ ಯಾಕೆ ಕೊಡಲ್ಲ ಅಂತ ಕೇಳಿದೆ. ಕೇಳಿದ್ದು ತಪ್ಪು ಅಂತ ಹೇಗಪ್ಪ ಸಹಿ ಹಾಕ್ಲಿ?

ಊಟ ಮಾಡ್ತಿದೀನಿ.

ನಿನ್ನ,
ಕೊಕ್ಕೆ

&nbsp;

ಮಾರ್ಚ್ ೧೧

ಕೊಕ್ಕೆ,

ನೀನು ಬರೆದಿದ್ದು ತಪ್ಪು ಅಂತ ನಾನು ಯಾವತ್ತಾದ್ರೂ ಬಾಯಿಬಿಟ್ಟು ಹೇಳಿದೀನಾ? ಸರಿ ಅಂತಾನೂ ಹೇಳಲ್ಲ ಬಿಡು. ಬಿಷಪ್ಪು ನಾನು. ಎರಡೂ ಹೇಳದೆ ಇರೋದಕ್ಕೇ ನನಗೆ ಈ ಟೋಪಿ ಹಾಕಿರೋದು.

ಇಲ್ಲಿನ ಸಮಾಚಾರ ಕೇಳು. ಮೊನ್ನೆ ಒಂದು ದಿನ ಅಡುಗೆಯವರು ಬಂದು, 'ಬಿಷಪ್ ಸ್ವಾಮಿ, ಇಷ್ಟು ಉದ್ದದ ಮೇಜಲ್ಲಿ ಒಬ್ರೇ ಕೂರ್ತೀರಿ, ಊಟ ರೂಮಿಗೇ ತರ್ಲಾ' ಅಂದ್ರು. ಬೇಡ ಅಂದೆ. ರೂಮಿಗೆ ತರಿಸಿಕೊಂಡ್ರೆ ಒಪ್ಪಿಕೊಂಡ ಹಾಗಾಗುತ್ತಲ್ಲ. ಬಂದವರು ಬಗ್ಗಿ ಉಂಗುರಕ್ಕೆ ಮುತ್ತಿಡ್ತಾರೆ, ಅವರ ನೆತ್ತಿ ಬಿಟ್ರೆ ನನಗೆ ಇನ್ನೇನೂ ಕಾಣಲ್ಲ. ಲೋ ಅಂತ ನನ್ನನ್ನ ಕರೆಯೋಕೆ ಉಳಿದಿರೋದು ನೀನೊಬ್ಬನೇ. ನೀನೂ ಕಾಗದದಲ್ಲಿ ಹಾಗೆ ಕರೀಲಿಲ್ಲ, ಕಣೋ ಅಂತ ಮಾತ್ರ ಬರೆದೆ.

ಮೇಲಿನವರಿಂದ ಮೂರು ಸಲ ಫೋನ್ ಬಂತು. ನಿನ್ನ ವಿಷಯಕ್ಕೇ. ಗಂಟೆ ತಾನಾಗೇ ಹೊಡ್ಕೊಳ್ಳಲ್ಲ ಕಣೋ, ಹಗ್ಗ ಎಳೆಯೋರು ಬೇರೆ. ಇದು ನಿನಗೆ ಅರ್ಥ ಆದ್ರೆ ಸಾಕು ನನಗೆ.

ಸಹಿ ಹಾಕು. ಪುಸ್ತಕದ ಉಳಿದ ಎಲ್ಲಾ ಅಧ್ಯಾಯ ಹಾಗೇ ಇರಲಿ, ಅದೊಂದನ್ನ ಬಿಡು. ಮಾರನೇ ದಿನವೇ ನೀನು ತರಗತೀಲಿ, ಪೂಜೆ ಪೀಠದಲ್ಲಿ. ನಿನ್ನಂಥ ಮೇಷ್ಟ್ರು ಮದುವೆ ಕಾಗದ ತಿದ್ದೋದು ನೋಡೋಕಾಗಲ್ಲ ನನ್ನ ಕೈಲಿ.

ಗಂಟೆ

&nbsp;

ಏಪ್ರಿಲ್ ೨

ಲೋ ಗಂಟೆ,

ತಗೋ, ಕರೆದೆ.

ಹಗ್ಗ ಎಳೆಯೋರು ಬೇರೆ, ಒಪ್ಪಿದೆ. ಆದ್ರೆ ಸದ್ದು ನಿಂದೇ ಅಲ್ವಾ? ಊರಿಗೆಲ್ಲ ಕೇಳಿಸಿದ್ದು ಅದು. ನನ್ನ ಹಳೇ ವಿದ್ಯಾರ್ಥಿಗಳು ರಸ್ತೇಲಿ ಸಿಕ್ಕಿದ್ರೆ ಅಂಗಡಿ ಬೋರ್ಡು ಓದೋ ಹಾಗೆ ಮುಖ ಎತ್ತಿಕೊಂಡು ಹೋಗ್ತಾರೆ. ಒಬ್ಬನಂತೂ ಚಿನ್ನದಂಗಡಿ ಬೋರ್ಡನ್ನ ಎಷ್ಟು ಹೊತ್ತು ಓದಿದ ಅಂದ್ರೆ, ಒಳಗಿಂದ ಸೇಲ್ಸ್‌ಮನ್ ಎದ್ದು ಬಂದ.

ಒಂದು ಮಾತು ಹೇಳ್ಬೇಕು. ಇದಕ್ಕೆ ನಗಬೇಡ.

ದಿನಾ ಬೆಳಿಗ್ಗೆ ಮಷೀನು ಶುರುವಾಗೋಕೆ ಮುಂಚೆ ಈ ಮೇಜಿನ ಮೇಲೆ ಒಬ್ಬನೇ ಪೂಜೆ ಮಾಡ್ತೀನಿ. ಅಷ್ಟು ಮಾಡಬಹುದು, ನಿನ್ನ ಆದೇಶದಲ್ಲಿ 'ಜನರ ಮುಂದೆ' ಅಂತಿದೆ. ಆದ್ರೆ ಒಬ್ಬನೇ ಮಾಡೋವಾಗ 'ಪ್ರಭು ನಿಮ್ಮೊಂದಿಗಿರಲಿ' ಅನ್ನೋ ಸಾಲನ್ನ ಬಿಡಬೇಕು ಅಂತ ನಿಯಮ. ಉತ್ತರ ಹೇಳೋಕೆ ಯಾರೂ ಇರಲ್ವಲ್ಲ. ವರ್ಷವರ್ಷ ಈ ನಿಯಮ ಪಾಠ ಮಾಡಿದೀನಿ, ಹುಡುಗರು ಬರ್ಕೊಂಡಿದ್ದಾರೆ, ನಾನೂ ಮುಂದಿನ ಪುಟ ತಿರುಗಿಸಿದೀನಿ. ಈಗ ದಿನಾ ಬೆಳಿಗ್ಗೆ ಆ ಜಾಗ ಬರುತ್ತೆ. ಬಾಯಿ ತೆರೀತೀನಿ, ಮುಚ್ತೀನಿ. ಬೇಲಿ ದಾಟೋ ಹಾಗೆ ಆ ಸಾಲನ್ನ ದಾಟ್ತೀನಿ.

ಪಾಠ ಬೇಕು ಅಂತಿಲ್ಲ ನನಗೆ. ಪುಸ್ತಕಾನೂ ಬೇಡ. ಆ ಒಂದು ಸಾಲು ಯಾರ ಮುಖ ನೋಡಿಯಾದ್ರೂ ಹೇಳಬೇಕು ಅನ್ಸುತ್ತೆ. ಸಹಿ ಹಾಕಿದ್ರೆ ಅದು ಸಿಗುತ್ತೆ, ಗೊತ್ತು. ಆದ್ರೆ ಆಮೇಲೆ ಕೊನೇ ಬೆಂಚಿನ ಕಡೆ ಮುಖ ಎತ್ತಿ ಹೇಗೆ ಹೇಳ್ಲಿ?

ಕೊಕ್ಕೆ

&nbsp;

ಏಪ್ರಿಲ್ ೩೦
(ಕಾರ್ಡು)

ಗಂಟೆ, ಕಾಗದ ತಲುಪಿತಾ? ಇಲ್ಲಿ ಸೆಖೆ. ಇವತ್ತು ಒಂದು ಮದುವೆ ಕಾಗದದಲ್ಲಿ ಹೆಣ್ಣಿನ ಅಪ್ಪನ್ನೇ ಮದುಮಗ ಮಾಡಿದ್ರು. ಮಷೀನಿಗೆ ಹೋಗೋಕೆ ಮುಂಚೆ ಹಿಡಿದೆ. ಒಂದು ಸಂಸಾರ ಉಳಿಸಿದೆ, ಅದಕ್ಕಾದ್ರೂ ಅನುಮತಿ ಇದೆ ತಾನೇ. ಕೊಕ್ಕೆ

&nbsp;

ಮೇ ೨೨
(ಕಾರ್ಡು)

ಸೆಕ್ರೆಟರಿ ಸಾಹೇಬ್ರೇ, ಇದನ್ನ ಮೊದಲು ಓದ್ತಿರೋರು ನೀವೇ ಆದ್ರೆ, ಓದಿ ಆದ್ಮೇಲೆ ದಯವಿಟ್ಟು ಅವನಿಗೂ ಕೊಡಿ. ಕೊಕ್ಕೆ

&nbsp;

ಜೂನ್ ೧೮

ಕೊಕ್ಕೆ,

ಕಾರ್ಡು ಬರೀಬೇಡ ಮಾರಾಯ. ಇಡೀ ಆಫೀಸು ಓದಿ ನಗ್ತಿದೆ. ಸೆಕ್ರೆಟರಿ ಮೂರು ದಿನ ನನಗೆ ಮುಖ ತೋರಿಸಲಿಲ್ಲ.

ಬರೀಲಿಲ್ಲ, ನಿಜ. ನಿನ್ನ ಜೊತೆ ಪತ್ರ ವ್ಯವಹಾರ ಸದ್ಯಕ್ಕೆ ಬೇಡ ಅಂತ ಮೇಲಿಂದ ಸಲಹೆ ಬಂತು. ಸಲಹೆ ಅಂದ್ರೆ ಏನು ಅಂತ ನಿನಗೆ ಗೊತ್ತಲ್ಲ. ಇದನ್ನ ನಾನೇ ನಡ್ಕೊಂಡು ಹೋಗಿ ಅಂಚೆ ಡಬ್ಬಿಗೆ ಹಾಕ್ತೀನಿ.

ಕಳೆದ ಭಾನುವಾರ ಅಕ್ಕನ ಚರ್ಚಿಗೆ ಹೋಗಿದ್ದೆ. ಪ್ರಸಾದ ಕೊಡೋಕೆ ನಿಂತೆ. ಉದ್ದದ ಸಾಲು. ಬೇಡ ಅಂದ್ರೂ ಕಣ್ಣು ಕೊನೇ ಬೆಂಚಿಗೆ ಹೋಯ್ತು. ನೀನು ಬರೆದಿದ್ದೆಯಲ್ಲ, ಮೊಣಕಾಲು. ಯಾಕಾದ್ರೂ ಬರೆದೆಯೋ.

ಆಮೇಲೆ ಎಲ್ಲರ ಹಾಗೆ ಅವಳೂ ಬಂದು ಉಂಗುರಕ್ಕೆ ಬಗ್ಗಿದ್ಲು. 'ಬಿಷಪ್ ಸ್ವಾಮಿ ಸಣ್ಣಗಾಗಿದೀರಿ' ಅಂದ್ಲು. ಸುತ್ತ ಜನ ಇದ್ರು. ಹೋಗೋವಾಗ ಕಿವಿ ಹತ್ರ ಬಂದು, 'ನಿನಗೂ ಅಡುಗೆ ಮಾಡಿ ಹಾಕೋರು ಇಲ್ವೇನೋ' ಅಂದ್ಲು.

ಸ್ವಲ್ಪ ಎದೆನೋವು. ದೊಡ್ಡದೇನಲ್ಲ.

ಗಂಟೆ

&nbsp;

ಜುಲೈ ೭

ಗಂಟೆ,

ಎದೆನೋವು ಅಂದ್ರೆ ಏನು? ಯಾವ ಡಾಕ್ಟರಿಗೆ ತೋರಿಸಿದೆ? ಸರಿಯಾಗಿ ಬರಿ.

ಅಕ್ಕ ಬಂದಿದ್ಲು. ನನಗೇ ಪಾಠ ಆಯ್ತು. ಮೆಟ್ಟಿಲು ಹತ್ತಿ ಬಂದವಳು ರೂಮೆಲ್ಲ ನೋಡಿದ್ಲು, ಹಾಸಿಗೆ ಕೊಡವಿದ್ಲು, ಆಮೇಲೆ ಕೂತ್ಕೊಂಡು ಕೇಳಿದ್ಲು.

'ಆ ಕಾಗದಕ್ಕೆ ಸಹಿ ಹಾಕಿದ್ಯಾ?'

'ಇಲ್ಲ ಅಕ್ಕ.'

'ಯಾಕೆ?'

'ಅದು ನಿನ್ನ ವಿಷಯ.'

'ನನ್ನ ವಿಷಯಾನ ನನ್ನ ಕೇಳಿ ಬರೆದ್ಯಾ?'

ಅಂಚಿಗೆ ಬಂದಿದ್ದ ಟೀ ಲೋಟನ ಮೇಜಿನ ಒಳಗೆ ಸರಿಸಿದೆ.

'ನನ್ನ ಹೆಸರಲ್ಲಿ ನೀನು ಹುತಾತ್ಮ ಆಗ್ಬೇಡ ಕಣೋ' ಅಂದ್ಲು. 'ನನಗೆ ಕೊನೇ ಬೆಂಚು ಅಭ್ಯಾಸ ಆಗಿದೆ. ಫ್ಯಾನ್ ಇರೋದೂ ಅಲ್ಲೇ. ನೀನು ಪೀಠದ ಮೇಲಿದ್ರೆ ಕೊನೇ ಬೆಂಚಿಂದಾದ್ರೂ ನಿನ್ನ ನೋಡ್ತಿದ್ದೆ. ಈಗ ಅದೂ ಇಲ್ಲ.'

ಅವಳೇ ಪೆನ್ನು ಹುಡುಕಿ ಕೈಗೆ ಕೊಟ್ಲು. ಹೇಳಿಕೆ ತೆಗೆದು ಬಿಡಿಸಿದೆ. ಗಂಟೆ, ಸುಳ್ಳು ಹೇಳಲ್ಲ, ಪೆನ್ನು ಕಾಗದಕ್ಕೆ ಮುಟ್ಟಿತ್ತು. ಅಷ್ಟರಲ್ಲಿ ಕೆಳಗಿಂದ ಮಾಲೀಕರು ಪ್ರೂಫ್ ತಗೊಂಡು ಬಂದ್ರು. ರೂಮು ಇಕ್ಕಟ್ಟು, ಅವರು ಒಳಗೆ ಬರೋಕೆ ಜಾಗ ಬೇಕಿತ್ತು. ಅಕ್ಕ ಕೂತಲ್ಲಿಂದ ಏಳಲಿಲ್ಲ. ಮೊಣಕಾಲು ಒಂದು ಕಡೆ ಸರಿಸಿ ದಾರಿ ಬಿಟ್ಲು. ಅವಳಿಗೆ ಗೊತ್ತೇ ಆಗಲಿಲ್ಲ.

ಪೆನ್ನು ಕೆಳಗಿಟ್ಟೆ.

ಅವಳು ಬೈದು ಹೋದ್ಲು. ಬೈಯೋವಾಗ ಕಣ್ಣು ಒದ್ದೆ ಇತ್ತು, ಯಾವುದಕ್ಕೆ ಅಂತ ನಾನು ಕೇಳಲಿಲ್ಲ.

ಕೊಕ್ಕೆ

&nbsp;

ಆಗಸ್ಟ್ ೧೯

ಕೊಕ್ಕೆ,

ಗುರುವಾರ ಬೆಳಿಗ್ಗೆ ಎದೆ ಕೊಯ್ತಾರಂತೆ. ಎದ್ದರೆ ಎದ್ದೆ. ಡಾಕ್ಟರು ಹೇಳೋ ರೀತೀಲೇ ಗೊತ್ತಾಗುತ್ತೆ.

ಪಾಪನಿವೇದನೆ ಮಾಡ್ಬೇಕು. ಬೇರೆ ಯಾರಿಗೂ ಅಲ್ಲ. ನೀನು ಬಾ. ನಿಯಮ ನಿನಗೆ ನಾನು ಹೇಳಿಕೊಡ್ಬೇಕಾ.

ಗಂಟೆ

&nbsp;

ಆಗಸ್ಟ್ ೨೭

ಗಂಟೆ,

ಕೂತ್ಕೊಂಡು ಗಂಜಿ ಕುಡಿದೆ ಅಂತ ಕೇಳಿದೆ. ಇನ್ನು ನಿನಗೆ ಕಾಗದ ಬರೀಬಹುದು.

ಒಳಗೆ ನಿನ್ನ ಹಾಸಿಗೆ ಪಕ್ಕ ನಡೆದದ್ದು ಈ ಕಾಗದಕ್ಕೆ ಸೇರಿದ್ದಲ್ಲ. ನೀನು ಹೇಳಿದ್ದನ್ನ ನಿನ್ನ ಹತ್ರ ಕೂಡ ನಾನಾಗಿ ಎತ್ತೋ ಹಾಗಿಲ್ಲ. ಅದು ಅಲ್ಲೇ ಮುಗೀತು. ಬಾಗಿಲಾಚೆದು ನಿನಗೆ ಗೊತ್ತಿಲ್ಲ, ಅಷ್ಟನ್ನ ಹೇಳ್ತೀನಿ.

ನಿನ್ನ ರೂಮಿನ ಬಾಗಿಲಲ್ಲಿ ಆಸ್ಪತ್ರೆಯ ಫಾದರ್ ನಿಂತಿದ್ದ. ನೋಡಿದ್ರೆ ನನ್ನ ವಿದ್ಯಾರ್ಥಿ. ಯಾರು ಅಂತೀಯಾ? ಚಿನ್ನದಂಗಡಿ ಬೋರ್ಡು ಓದಿದವನೇ. ಇಲ್ಲಿ ಓದೋಕೆ ಬೋರ್ಡಿರಲಿಲ್ಲ, ಸಿಕ್ಕಿಬಿದ್ದ.

'ಫಾದರ್, ಕ್ಷಮಿಸಿ, ನಿಮಗೆ ಪಾಪನಿವೇದನೆ ಕೇಳೋ ಅನುಮತಿ ಇಲ್ಲ ಅಲ್ವಾ' ಅಂದ. ಮುಖ ಕೆಂಪಾಗಿತ್ತು.

'ಇಲ್ಲ' ಅಂದೆ. 'ಅನುಮತಿ ಯಾವಾಗ ಬೇಕಾಗಲ್ಲ, ಹೇಳು ನೋಡೋಣ. ಎರಡನೇ ವರ್ಷದ ಪಾಠ.'

ಅಭ್ಯಾಸಬಲ, ಎರಡೂ ಕೈ ಹಿಂದೆ ಕಟ್ಟಿಕೊಂಡ. 'ಸಾವಿನ ಅಪಾಯ ಇದ್ದಾಗ ಯಾವ ಗುರುವಾದರೂ, ಅಧಿಕಾರ ಕಳ್ಕೊಂಡ ಗುರುವಾದರೂ' ಅಂತ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ. ಪಕ್ಕಕ್ಕೆ ಸರಿದ. 'ಪಾಸು' ಅಂದೆ.

ಪಾಪನಿವೇದನೆ ಕೇಳೋವಾಗ ಕೊರಳಿಗೆ ಹಾಕೋ ನೇರಳೆ ಪಟ್ಟಿ ನಾನು ತಂದಿರಲಿಲ್ಲ. ತರೋಕೆ ಧೈರ್ಯ ಬಂದಿರಲಿಲ್ಲ. ಅವನು ತನ್ನ ಜೇಬಿಂದ ತನ್ನದನ್ನ ತೆಗೆದು ಮಾತಾಡದೆ ಕೊಟ್ಟ. ಆಚೆ ಬಂದ ಮೇಲೆ ಮಡಚಿ ವಾಪಸ್ ಕೊಟ್ಟೆ. ಮಡಚೋಕೆ ಯಾಕೋ ತುಂಬ ಹೊತ್ತು ಹಿಡೀತು.

ಅಕ್ಕ ಕೆಳಗೆ ಫ್ಲಾಸ್ಕ್ ಇಟ್ಕೊಂಡು ಕೂತಿದ್ಲು. ಮಧ್ಯಾಹ್ನ ಡಾಕ್ಟರು ಬಂದು ಅಪಾಯ ಕಳೀತು ಅಂದ್ರು. ಅಕ್ಕ ಶಿಲುಬೆ ಗುರುತು ಹಾಕ್ಕೊಂಡ್ಲು. 'ಅವನು ಉಳಿದ. ನಡಿ, ಮನೆಗೆ ಹೋಗೋಣ. ನೀನು ಮತ್ತೆ ನಿರುದ್ಯೋಗಿ' ಅಂದ್ಲು. ಇಬ್ರೂ ನಕ್ಕಿದ್ದು ನೋಡಿ ನರ್ಸು ಗದರಿಸಿದ್ರು.

ಬಸ್ಸಲ್ಲಿ ಯೋಚನೆ ಬಂತು. ನೀನು ಸಾಯೋ ಹಾಗಿದ್ರೆ ನಾನು ಗುರು. ಬದುಕಿದ್ರೆ ಪ್ರೂಫ್ ನೋಡೋನು. ನನ್ನ ಮೂರನೇ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೇ ಅಡಿಟಿಪ್ಪಣಿ ನಾನೇ ಬರೆಯೋಕಾಗ್ತಿರಲಿಲ್ಲ.

ನೀನು ಬದುಕಿದ್ದಕ್ಕೆ ದೇವರಿಗೆ ಕೈ ಮುಗಿದೆ, ಅದನ್ನೂ ಹೇಳಿಬಿಡ್ತೀನಿ.

ತಿಂಗಳು ಮುಗೀತಾ ಬಂತು. ಸಹಿ ಹಾಕಲ್ಲ ಕಣೋ.

ಕೊಕ್ಕೆ

&nbsp;

ಬಿಷಪ್ ಕಾರ್ಯಾಲಯ
ಸೆಪ್ಟೆಂಬರ್ ೩

ಮಾನ್ಯ ಫಾದರ್ ಅವರಿಗೆ,

ನಿಗದಿತ ಅವಧಿಯೊಳಗೆ ತಮ್ಮ ಸಹಿಯುಳ್ಳ ಹೇಳಿಕೆ ಈ ಕಾರ್ಯಾಲಯಕ್ಕೆ ತಲುಪಿಲ್ಲ. ಆದ್ದರಿಂದ ಫೆಬ್ರವರಿ ೬ರ ಪತ್ರದಲ್ಲಿ ಸೂಚಿಸಿದ ಎಲ್ಲ ನಿರ್ಬಂಧಗಳೂ ಕಾಯಂ ಆಗಿವೆ ಎಂದು ಈ ಮೂಲಕ ತಿಳಿಸಲಾಗಿದೆ.

ಪ್ರಭುವಿನಲ್ಲಿ ತಮ್ಮ,
ಬಿಷಪ್

&nbsp;

ಸೆಪ್ಟೆಂಬರ್ ೧೨

ಗಂಟೆ,

ಪತ್ರ ಬಂತು. ಮೊದಲು ನೋಡಿದ್ದು ಕೆಳಗಡೆ. ನೀಲಿ ಶಾಯಿ ಇರಲಿಲ್ಲ. ಕಾಗದ ತಿರುಗಿಸಿ ಹಿಂದೇನೂ ನೋಡಿದೆ.

ಸಹಿ ನಿಂದೇ.

ಮಾತ್ರೆ ಹೊತ್ತಿಗೆ ಸರಿಯಾಗಿ ತಗೋ.

ಕೊಕ್ಕೆ

&nbsp;

ನವೆಂಬರ್ ೪

ಕೊಕ್ಕೆ,

ರಾಜೀನಾಮೆ ಕೊಟ್ಟೆ. ಆರೋಗ್ಯದ ಕಾರಣ ಅಂತ ಬರೆದೆ, ಅವರೂ ಆರೋಗ್ಯದ ಕಾರಣಕ್ಕೆ ಒಪ್ಪಿದ್ರು. ಕೆಲಸದಿಂದ ಇಳಿದ ಫಾದರ್‌ಗಳ ಮನೇಲಿದೀನಿ ಈಗ. ಮೇಲಿನ ಮಹಡಿ, ಮೂಲೆ ರೂಮು. ಪ್ರಾರ್ಥನಾ ಮಂದಿರ ಇರೋದು ಕೆಳಗೆ, ನಾನು ಮೆಟ್ಟಿಲು ಇಳಿದು ಹತ್ತೋ ಹಾಗಿಲ್ಲ ಅಂತ ಡಾಕ್ಟರು. ಅದಕ್ಕೆ ರೂಮಲ್ಲೇ ಪೂಜೆ. ಒಂದು ಮೇಜು, ಗೋಡೆಗೆ ಒಂದು ಬೆಂಚು, ನೋಡೋಕೆ ಬಂದವರು ಕೂರೋಕೆ ಅಂತ. ಯಾರೂ ಬರಲ್ಲ. ಬಿಷಪ್ಪನ್ನ ನೋಡೋಕೆ ಬರ್ತಿದ್ದೋರು ಈಗ ಹೊಸ ಬಿಷಪ್ಪನ್ನ ನೋಡೋಕೆ ಹೋಗ್ತಾರೆ, ಅದು ಸರೀನೇ.

ಆ ಪತ್ರದ ಕೆಳಗೆ ಬರೀಬೇಕು ಅಂತ ಪೆನ್ನು ತಗೊಂಡಿದ್ದೆ. ಏನು ಬರೀಲಿ ಹೇಳು. ಊಟ ಮಾಡು ಅಂತಾನಾ? ಬರೀದೇ ಕಳಿಸಿದೆ. ಅವತ್ತಿಂದ ಆ ಖಾಲಿ ಜಾಗಾನೇ ಕಣ್ಣಿಗೆ ಕಟ್ಟಿದೆ.

ಇವತ್ತು ಬೆಳಿಗ್ಗೆ ಮೊದಲ ಸಲ ಒಬ್ಬನೇ ಪೂಜೆ ಮಾಡಿದೆ. ಬಿಷಪ್ ಆದ ಮೇಲೆ ಒಂದು ದಿನಾನೂ ಒಬ್ಬನೇ ಮಾಡಿರಲಿಲ್ಲ, ಸುತ್ತ ಯಾರಾದ್ರೂ ಇದ್ದೇ ಇರ್ತಿದ್ರು. ಸಾಲು ಬಿಡೋದು ಮರೆತೆ. 'ಪ್ರಭು ನಿಮ್ಮೊಂದಿಗಿರಲಿ' ಅಂದುಬಿಟ್ಟೆ. ಕೈ ಎರಡೂ ಚಾಚಿದ್ದೆ. ಹಾಗೇ ನಿಂತೆ. ಬೆಂಚು ನೋಡ್ತಾ ನಿಂತೆ ಕಣೋ.

ನೀನು ದಿನಾ ಆ ಜಾಗ ಹೇಗೆ ದಾಟ್ತೀಯಾ? ಮೇಷ್ಟ್ರು ನೀನು, ಹೇಳಿಕೊಡು.

ಗಂಟೆ

&nbsp;

ನವೆಂಬರ್ ೯

ಲೋ ಗಂಟೆ,

ದಾಟೋದು ನನಗೂ ಬಂದಿಲ್ಲ. ಹೇಳಿಕೊಡೋಕೆ ನನಗೆ ಅನುಮತಿಯೂ ಇಲ್ಲ, ಸಹಿ ನಿಂದೇ.

ಆದ್ರೆ ನಿನ್ನ ಕಚೇರಿಯ ಎರಡೂ ಪತ್ರ ಮತ್ತೆ ತೆಗೆದು ಓದಿದೆ. ಪ್ರೂಫ್ ನೋಡೋ ಹಾಗೆ, ಬೆರಳಿಟ್ಟು, ಸಾಲು ಸಾಲು. ಪಾಠ ಹೇಳಬಾರದು ಅಂತಿದೆ. ಅಚ್ಚು ಹಾಕಿಸಬಾರದು ಅಂತಿದೆ. ಜನರ ಮುಂದೆ ಪೂಜೆ ಅರ್ಪಿಸಬಾರದು, ಪಾಪನಿವೇದನೆ ಕೇಳಬಾರದು ಅಂತಿದೆ. ಬೆಂಚಲ್ಲಿ ಕೂತು ಉತ್ತರ ಹೇಳಬಾರದು ಅಂತ ಎಲ್ಲೂ ಇಲ್ಲ. ಅದಕ್ಕೆ ಯಾರ ಅನುಮತಿಯೂ ಬೇಡ. ಜ್ಞಾನಸ್ನಾನ ಆಗಿದ್ರೆ ಸಾಕು, ನಂದು ಆಗಿದೆ.

ಭಾನುವಾರ ಪ್ರೆಸ್ಸಿಗೆ ರಜೆ. ಮೊದಲನೇ ಬಸ್ಸಿಗೆ ಬರ್ತೀನಿ. ಆ ಸಾಲು ಬಿಡಬೇಡ. ಜೋರಾಗಿ ಹೇಳು, ನನಗೆ ಮಷೀನಿನ ಸದ್ದಲ್ಲಿ ಕೂತು ಕೂತು ಕಿವಿ ಮಂದ ಆಗಿದೆ.

ಅಕ್ಕನೂ ಬರ್ತಾಳಂತೆ. ಊಟ ಕಟ್ಕೊಂಡು ಬರ್ತಾಳೆ, ಉಪ್ಪಿಲ್ಲದ್ದು, ನೀನು ಮುಖ ಸಿಂಡರಿಸೋ ಹಾಗಿಲ್ಲ. 'ಎಲ್ಲಿ ಕೂರ್ಲಿ ನಾನು' ಅಂತ ಕೇಳಿದ್ಲು. ಎಂದಿನ ಹಾಗೆ ಕೊನೇ ಬೆಂಚಲ್ಲಿ ಅಂದೆ.

ಅಲ್ಲಿರೋದು ಒಂದೇ ಬೆಂಚು ಅಂತ ಅವಳಿಗೆ ಇನ್ನೂ ಹೇಳಿಲ್ಲ. ಅದೇ ಕೊನೇದು, ಅದೇ ಮೊದಲನೇದು. ಪ್ರಸಾದಕ್ಕೆ ನಾನು ಎದ್ದಾಗ ಅವಳು ಮೊಣಕಾಲು ಸರಿಸಿದ್ರೆ, ಆಚೆ ದಾಟಿಕೊಂಡು ಹೋಗೋಕೆ ನಿನ್ನ ರೂಮಲ್ಲಿ ಜಾಗ ಇರಲ್ಲ. ಪ್ರಸಾದ ತಗೊಂಡು ನೀನೇ ಬೆಂಚಿನ ಹತ್ರ ಬರ್ಬೇಕಾಗುತ್ತೆ.

ಎಷ್ಟು ಜನರಿಗೆ ತರ್ತೀಯೋ, ಅದನ್ನ ನಾನು ಕೇಳಲ್ಲ.

ಕೊಕ್ಕೆ